ಮಗಳ ಆಲ್ಬಮ್ಮಿನಲ್ಲಿ ಏಲೂರಿನ ಸೈರನ್

ನಾನು ಓಡಿದೆ.

ಎಲ್ಲಿಗೆ ಓಡಿದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಹೇಳಿಕೊಳ್ಳುವಂಥ ಓಟವೇನಲ್ಲ ಅದು. ಆದರೆ ಈ ಅಂಕಣದಲ್ಲಿ ನನ್ನ ಮಾನ ಹೋಗುವುದು ಹೊಸದೇ? (ಬ್ಯಾಂಕಿನಲ್ಲಿ ಗ್ರಾಹಕರಿಗೆ ಪಾಸ್‌ವರ್ಡ್ ಪಾಠ ಮಾಡಿ, ಸ್ವಂತ ಪಾಸ್‌ವರ್ಡ್ ಮರೆತು ಕೂತ ಕತೆಯನ್ನೂ ನಿಮಗೇ ಹೇಳಿದ್ದೇನೆ.)

ಕಳೆದ ತಿಂಗಳ ಎರಡನೇ ಶನಿವಾರ. ಬ್ಯಾಂಕಿಗೆ ರಜೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ತರಕಾರಿ ಚೀಲ ಹಿಡಿದು ನಮ್ಮ ಫ್ಲ್ಯಾಟಿನ ಬೀದಿಗೆ ತಿರುಗಿದ್ದೆ, ಅಷ್ಟೆ. ಸೈರನ್ ಕೂಗಿತು.

ಸೈರನ್ ಅಂದರೆ ನಿಮಗೆ ಆಂಬುಲೆನ್ಸ್ ನೆನಪಾಗಬಹುದು. ನಮಗೆ ಹಾಗಲ್ಲ. ನಾವಿರುವುದು ಕೊಚ್ಚಿಯ ಏಲೂರಿನಲ್ಲಿ. ಸುತ್ತ ಗೊಬ್ಬರ, ಆಸಿಡ್, ಕೆಮಿಕಲ್ ಕಾರ್ಖಾನೆಗಳು. ನನ್ನ ಗಂಡ ಶಶಿಧರ ಅಂಥದ್ದೇ ಒಂದರಲ್ಲಿ ಕೆಮಿಸ್ಟ್. ದಾವಣಗೆರೆಯವರು. ನಾನು ಮೈಸೂರಿನವಳು. ಇಲ್ಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಟೆಸ್ಟ್ ಸೈರನ್ ಆಗುತ್ತದೆ. ಆಗ ಯಾರೂ ತಲೆ ಎತ್ತುವುದಿಲ್ಲ, ಗಡಿಯಾರ ಸರಿ ಮಾಡಿಕೊಳ್ಳುತ್ತೇವೆ. ಬೇರೆ ಯಾವತ್ತು ಕೂಗಿದರೂ ಅದು ನಿಜ. ಏರಿ ಇಳಿದು, ಏರಿ ಇಳಿದು ಕೂಗಿದರೆ ಎಲ್ಲೋ ಗ್ಯಾಸ್ ಸೋರಿದೆ. ಒಂದೇ ಸಮನೆ ಉದ್ದಕ್ಕೆ ಕೂಗಿದರೆ ಅಪಾಯ ಮುಗಿಯಿತು.

ಇಲ್ಲಿನ ಬಚ್ಚಲುಗಳಲ್ಲಿ ಒಂದು ಟವೆಲ್ ಬೇರೆಯಾಗಿಯೇ ನೇತಾಡುತ್ತಿರುತ್ತದೆ. ಮೈ ಒರೆಸಲಿಕ್ಕಲ್ಲ. ಸೈರನ್ ಆದರೆ ನೆನೆಸಿ ಮೂಗು ಬಾಯಿ ಮುಚ್ಚಿಕೊಳ್ಳಲಿಕ್ಕೆ. ನನ್ನ ಮಗಳು ಚಿಕ್ಕವಳಿದ್ದಾಗ ಮೈಸೂರಿನ ಅಜ್ಜಿ ಮನೆಯ ಬಚ್ಚಲಿನಿಂದ ಹೊರಬಂದು, "ಅಜ್ಜಿ, ನಿಮ್ಮ ಸೈರನ್ ಟವೆಲ್ ಎಲ್ಲಿ?" ಎಂದು ಕೇಳಿದ್ದಳು. ಅಮ್ಮ ನನ್ನನ್ನು ಒಳಗೆ ಕರೆದು, "ಎಂಥ ಊರಿಗೆ ಹೋಗಿ ಸೇರ್ಕೊಂಡಿದೀಯೇ ನೀನು?" ಎಂದರು.

ಇನ್ನೊಂದು ಪಾಠವಿದೆ. ಗಾಳಿಗೆ ಎದುರಾಗಿ ಓಡಬಾರದು, ಗಾಳಿಯ ಜೊತೆಗೂ ಓಡಬಾರದು, ಅಡ್ಡಕ್ಕೆ ಓಡಬೇಕು. ಗಾಳಿ ಯಾವ ಕಡೆಗೆ ಎಂದು ನೋಡಲು ಕಾರ್ಖಾನೆಯ ಕಂಬದ ಮೇಲೆ ಪಟ್ಟೆ ಪಟ್ಟೆಯ ಬಟ್ಟೆ ಚೀಲ ಹಾರಾಡುತ್ತಿರುತ್ತದೆ. ಶಶಿಧರ ಮದುವೆಯಾದ ಹೊಸತರಲ್ಲಿ ನನ್ನನ್ನು ಟೆರೇಸಿಗೆ ಕರೆದುಕೊಂಡು ಹೋಗಿ ತೋರಿಸಿದ್ದು ಚಂದ್ರನನ್ನಲ್ಲ, ಆ ಚೀಲವನ್ನು.

ಆ ಶನಿವಾರ ಸೈರನ್ ಏರಿತು, ಇಳಿಯಿತು, ಮತ್ತೆ ಏರಿತು. ತರಕಾರಿ ಚೀಲ ಕೈಜಾರಿತು. ಬಾಟಲಿಯ ನೀರನ್ನು ದುಪಟ್ಟಾಕ್ಕೆ ಸುರಿದುಕೊಂಡು ಮೂಗಿಗೆ ಒತ್ತಿ ಹಿಡಿದೆ. ಕತ್ತೆತ್ತಿ ಗಾಳಿ ನೋಡಿದೆ. ಬೀದಿಯವರೆಲ್ಲ ಅಡ್ಡ ರಸ್ತೆಯ ಕಡೆಗೆ ಓಡುತ್ತಿದ್ದರು. ನಾನೂ ಓಡಿದೆ.

ಸುಮಾರು ಇಪ್ಪತ್ತು ಹೆಜ್ಜೆ ಓಡಿದ ಮೇಲೆ ನೆನಪಾಯಿತು, ಮಗಳು ಮನೆಯಲ್ಲಿದ್ದಾಳೆ.

ಇಪ್ಪತ್ತು ಹೆಜ್ಜೆ! ತಾಯಿ ಎನ್ನುವ ಪದದ ಬಗ್ಗೆ ಇದೇ ಜಾಗದಲ್ಲಿ ನಾನೇ ಎಷ್ಟು ಸಲ ಉದ್ದುದ್ದ ಬರೆದಿಲ್ಲ? ಸೈರನ್ ಕೂಗಿದಾಗ ನನ್ನ ಕಾಲಿಗೆ ಗೊತ್ತಿದ್ದದ್ದು ನನ್ನ ಜೀವ ಒಂದೇ. ತಿರುಗಿ ಮನೆಯ ಕಡೆಗೆ ಓಡಿದೆ. ಎದುರಿನಿಂದ ಒದ್ದೆ ಟವೆಲ್ ಕಟ್ಟಿಕೊಂಡ ಜನ ಬರುತ್ತಿದ್ದರು. ಯಾರೋ ನನ್ನ ತೋಳು ಹಿಡಿದು ಎಳೆದರು. ಕೊಸರಿಕೊಂಡೆ. ಗೇಟು ದಾಟಿದೆ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತುತ್ತ ಹೋದಂತೆ ಸೈರನ್ ಇನ್ನೂ ಜೋರಾಗುತ್ತ ಹೋಯಿತು. ಇದೇನಿದು, ಕಾರ್ಖಾನೆಯ ಸೈರನ್ ನಮ್ಮ ಮನೆಯ ಕಡೆಯಿಂದ ಯಾಕೆ ಬರುತ್ತಿದೆ?

ಎರಡನೇ ಮಹಡಿ ದಾಟುವಾಗ ಸೈರನ್ನಿಗೆ ಡ್ರಮ್ಸ್ ಸೇರಿಕೊಂಡಿತು. ಆಮೇಲೆ ಪಿಟೀಲುಗಳು.

ನಮ್ಮ ಬಾಗಿಲ ಮುಂದೆ ಲೀಲಾ ಚೇಚಿ ಬಿದ್ದಿದ್ದರು.

ಲೀಲಾ ಚೇಚಿ (ಚೇಚಿ ಎಂದರೆ ಅಕ್ಕ) ಮೊದಲನೇ ಮಹಡಿಯವರು. ಅರವತ್ತೇಳು ವರ್ಷ, ಹಳೇ ಆಸ್ತಮಾ. ಮನೆಯಲ್ಲೇ ಅಪ್ಪಂ ಹಿಟ್ಟು ರುಬ್ಬಿ ಪ್ಯಾಕೆಟ್ ಮಾಡಿ ಮಾರುತ್ತಾರೆ. ಅವರ ಕೈಯಲ್ಲಿ ಒದ್ದೆ ಟವೆಲ್ ಇತ್ತು. ಮೂಗಿಗೆ ಕಟ್ಟಿಕೊಂಡಿರಲಿಲ್ಲ, ಹಿಡಿದುಕೊಂಡಿದ್ದರು. ತುಟಿ ನೀಲಿಗಟ್ಟಿತ್ತು. ಇನ್ನೊಂದು ಕೈಯಿಂದ ಬಾಗಿಲು ಬಡಿಯುತ್ತಲೇ ಇದ್ದರು. ನನ್ನನ್ನು ನೋಡಿ, "ಮೋಳ್ ಅಕತ್ತುಂಡ್" ಎಂದರು. ಮಗಳು ಒಳಗಿದ್ದಾಳೆ.

ಮಗಳು ಒಳಗಿರಲಿಲ್ಲ. ಟೆರೇಸಿನಲ್ಲಿದ್ದಳು. ತನ್ನ ಹಾಡು ದೂರದಿಂದ ಹೇಗೆ ಕೇಳಿಸುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ನನ್ನ ಮಗಳ ಹೆಸರು ಇಂಪನ. (ನಗಬೇಡಿ. ಹೆಸರಿಡುವಾಗ ನಮಗೇನು ಗೊತ್ತಿತ್ತು?) ಇಪ್ಪತ್ತನಾಲ್ಕು ವರ್ಷ. ಕೊಚ್ಚಿಯ ಒಂದು ಸಿಂಫೋನಿಕ್ ಪವರ್ ಮೆಟಲ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಾಳೆ. ಹಾಗಂದರೇನು ಎಂದು ಕೇಳುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಡ್ರಮ್ಸು ಉಸಿರು ಬಿಡದೆ ಓಡುತ್ತದೆ, ಗಿಟಾರು ಅದರ ಹಿಂದೆ ಓಡುತ್ತದೆ, ಅವೆರಡರ ಮೇಲೆ ನೂರು ಪಿಟೀಲು, ಚರ್ಚಿನಲ್ಲಿ ಹಾಡುವಂಥ ಕಾಯರ್, ಎಲ್ಲಕ್ಕಿಂತ ಮೇಲೆ ಯಾರೋ ಒಬ್ಬರು ಆಗಷ್ಟೇ ಯುದ್ಧ ಗೆದ್ದುಬಂದವರಂತೆ ಹಾಡುತ್ತಿರುತ್ತಾರೆ. ಹಾಡುಗಳ ತುಂಬ ಖಡ್ಗ, ಕೋಟೆ, ಡ್ರ್ಯಾಗನ್. ಮೊದಲು ತಲೆನೋವು ಬರುತ್ತಿತ್ತು. ಈಗ ಪಾತ್ರೆ ತೊಳೆಯುವಾಗ ನಾನೇ ಗುನುಗುತ್ತೇನೆ.

ಎರಡು ವರ್ಷದ ಹಿಂದೆ ಅವಳು, "ಅಮ್ಮಾ, ಐ ಆಮ್ ಡೂಯಿಂಗ್ ಎ ಸೋಲೋ ಆಲ್ಬಮ್" ಎಂದಳು. (ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಇಲ್ಲವೇ ಮಲಯಾಳದಲ್ಲಿ.) ಬ್ಯಾಂಡಿನಲ್ಲಿ ಎಲ್ಲರಿಗೂ ಡ್ರ್ಯಾಗನ್ ಬೇಕಂತೆ. ಏಲೂರಿನಲ್ಲಿ ಹುಟ್ಟಿದವಳಿಗೆ ಡ್ರ್ಯಾಗನ್ ಯಾಕೆ, ಬೆಂಕಿ ಉಗುಳಲು ಚಿಮಣಿಗಳಿಲ್ಲವೇ ಎಂದು ಅವಳ ವಾದ. ಎಂಟು ಹಾಡು, ಎಂಟೂ ನಮ್ಮ ಊರಿನ ಮೇಲೆ. ನನಗೆ ಹೆಮ್ಮೆಯಾಯಿತು. ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದೆ.

ಮೊದಲ ಹಾಡು ಸೈರನ್ನಿನಿಂದ ಶುರು. ಟೆಸ್ಟ್ ಸೋಮವಾರ ಟೆರೇಸಿನಲ್ಲಿ ನಿಂತು ರೆಕಾರ್ಡ್ ಮಾಡಿಕೊಂಡ, ಅಪ್ಪಟ ಏಲೂರಿನ ಸೈರನ್. ಅದೇ ಯಾಕೆ ಎಂದು ಶಶಿಧರ ಕೇಳಿದ್ದಕ್ಕೆ, "ಇಟ್ಸ್ ದಿ ಫಸ್ಟ್ ನೋಟ್ ಐ ಎವರ್ ನ್ಯೂ, ಅಪ್ಪಾ" ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಅವಳಿಗೆ ಆರು ವರ್ಷವಿದ್ದಾಗ ಒಂದು ಮಧ್ಯಾಹ್ನ ನಿಜವಾಗಿಯೂ ಗ್ಯಾಸ್ ಸೋರಿತ್ತು. (ಎಲ್ಲಿಂದ ಎಂದು ಕೇಳಬೇಡಿ, ಹಳೇ ಮಾತು.) ಶಶಿಧರ ಡ್ಯೂಟಿಯಲ್ಲಿದ್ದರು, ನಾನು ಎರ್ನಾಕುಳಂನ ಬ್ರ್ಯಾಂಚಿನಲ್ಲಿದ್ದೆ. ಶಾಲೆಯಿಂದ ಬಂದ ಇಂಪನ ಒಬ್ಬಳೇ ಮನೆಯಲ್ಲಿದ್ದಳು. ಅವತ್ತು ಲೀಲಾ ಚೇಚಿ ಕೆಳಗೆ ಓಡುವ ಬದಲು ಮೇಲೆ ಹತ್ತಿ, ಮಗುವಿನ ಮುಖಕ್ಕೆ ಒದ್ದೆ ಟವೆಲ್ ಸುತ್ತಿ, ಸೊಂಟದ ಮೇಲೆ ಕೂರಿಸಿಕೊಂಡು ಆಲುವ ರಸ್ತೆಯವರೆಗೆ ಓಡಿದ್ದರು. ಯಾರಿಗೂ ಏನೂ ಆಗಲಿಲ್ಲ. ಎರಡು ದಿನ ಕಣ್ಣುರಿ, ಅಷ್ಟೆ.

ಹದಿನೆಂಟು ವರ್ಷದ ಮೇಲೆ ಅವರು ಮತ್ತೆ ಮೇಲೆ ಹತ್ತಿದ್ದರು. ಅವರ ಲೆಕ್ಕದಲ್ಲಿ ಮೋಳ್ ಇನ್ನೂ ಒಳಗೆ ಒಬ್ಬಳೇ ಇದ್ದಳು. ನಾನು ಅಡ್ಡ ರಸ್ತೆಗೆ ಓಡುತ್ತಿದ್ದ ಹೊತ್ತಿನಲ್ಲಿ ಅವರು ನಮ್ಮ ಮೆಟ್ಟಿಲಲ್ಲಿದ್ದರು.

ಆಗಿದ್ದು ಇಷ್ಟು. ಮಿಕ್ಸಿಂಗ್, ಅಂದರೆ ರೆಕಾರ್ಡ್ ಮಾಡಿದ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸ, ಮಾಡುವವರಿಗೆ ಒಂದು ಪದ್ಧತಿಯಿದೆಯಂತೆ. ಹಾಡನ್ನು ಒಳ್ಳೆಯ ಸ್ಪೀಕರಿನ ಮುಂದೆ ಕೂತು ಕೇಳಿದರೆ ಸಾಲದು. ಕಾರಿನಲ್ಲಿ ಕೇಳಬೇಕು, ಅಗ್ಗದ ಇಯರ್‌ಫೋನಿನಲ್ಲಿ ಕೇಳಬೇಕು, ಕೊನೆಗೆ ಬಾಗಿಲು ತೆಗೆದಿಟ್ಟು ಬೇರೆ ಕೋಣೆಯಲ್ಲಿ ನಿಂತು ಕೇಳಬೇಕು. ಇಂಪನ ಬ್ಯಾಂಡಿನ ಸ್ಟೇಜ್ ಸ್ಪೀಕರುಗಳನ್ನು ಮನೆಗೆ ತಂದು, ಬಾಲ್ಕನಿಯ ಬಾಗಿಲು ಪೂರ್ತಿ ತೆಗೆದು, ಸೈರನ್ನಿನ ಭಾಗ ಆರು ಸಲ ಸುತ್ತಿ ಬರುವಂತೆ ಇಟ್ಟು, ಬೀಗ ಹಾಕಿ ಟೆರೇಸಿಗೆ ಹೋಗಿದ್ದಳು. ಕಾರ್ಖಾನೆಯ ಸೈರನ್ ಬಾಲ್ಯದಲ್ಲಿ ಎಷ್ಟು ದೂರದಿಂದ ಕೇಳಿಸುತ್ತಿತ್ತೋ ಅಷ್ಟೇ ದೂರದಿಂದ ಕೇಳಿಸಬೇಕಿತ್ತಂತೆ. ಬೀದಿಗೂ ಕೇಳಿಸುತ್ತದೆ ಎಂದು ಹೊಳೆಯಲಿಲ್ಲವೇ? ಹೊಳೆಯಲಿಲ್ಲ. ಎರಡು ವರ್ಷ ಹಗಲೂ ರಾತ್ರಿ ಕೇಳಿ ಕೇಳಿ, ಅವಳ ಕಿವಿಗೆ ಅದು ಸೈರನ್ ಆಗಿ ಉಳಿದಿರಲೇ ಇಲ್ಲ.

ಟೆರೇಸಿನಿಂದ ಇಳಿದು ಬಂದವಳು ಚೇಚಿಯನ್ನು ನೋಡಿ ಗೋಡೆಗೆ ಒರಗಿದಳು. "ಅಮ್ಮಾ, ನಾನೇನು ಮಾಡ್ಬಿಟ್ಟೆ?" ಎಂದಳು. ಕನ್ನಡದಲ್ಲಿ. ತೀರಾ ಹೆದರಿದಾಗ ಮಾತ್ರ ನನ್ನ ಮಗಳಿಗೆ ಕನ್ನಡ ಬರುತ್ತದೆ.

ಆಲುವದ ಆಸ್ಪತ್ರೆ. ಎರಡು ದಿನ ಐಸಿಯು. ಗಾಜಿನ ಆಚೆ ಚೇಚಿಯ ಮುಖದ ಮೇಲೆ ಮಾಸ್ಕು. ಆ ಎರಡು ದಿನ ನಾನು ಪಟ್ಟ ಭಯವನ್ನು ಹೇಗೆ ಹೇಳಲಿ? ಚೇಚಿಗೆ ಏನಾದರೂ ಆದರೆ ಅವರ ಮನೆಯವರ ಮುಖ ಹೇಗೆ ನೋಡುವುದು ಎಂಬ ಭಯ. ಅದಕ್ಕಿಂತ ದೊಡ್ಡದು, ನನ್ನ ಮಗಳು ಜೀವನಪೂರ್ತಿ ಇದನ್ನು ಹೊತ್ತುಕೊಂಡು ಹೇಗೆ ಬದುಕುತ್ತಾಳೆ ಎಂಬ ಭಯ. ಅವಳು ಕಾರಿಡಾರಿನ ಕುರ್ಚಿಯಲ್ಲಿ ಬೂಟು ಬಿಚ್ಚದೆ ಕೂತಿದ್ದಳು. ಊಟವಿಲ್ಲ. ಆಲ್ಬಮ್ಮಿನ ಫೈಲುಗಳನ್ನೆಲ್ಲ ಅಳಿಸಿಬಿಡುತ್ತೇನೆ ಎಂದು ಒಮ್ಮೆ ಹೇಳಿದಳು.

ಶಶಿಧರ ಮೆಷಿನ್ನಿನ ಚಹಾ ತಂದುಕೊಟ್ಟು ನನ್ನ ಪಕ್ಕ ಕೂತರು. "ಇಪ್ಪತ್ತಾರು ವರ್ಷದಾಗ ಆ ಸೈರನ್ನಿಗೆ ಒಬ್ಬರೂ ಬಿದ್ದಿದ್ದಿಲ್ಲ ನೋಡು. ಹಾಡಿಗೆ ಬಿದ್ರು" ಎಂದರು. ಮಗಳಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು. ಅವಳಿಗೆ ಕೇಳಿಸಿತು.

ಮೂರನೇ ದಿನ ಚೇಚಿಯನ್ನು ವಾರ್ಡಿಗೆ ತಂದರು. ಇಂಪನ ಹಾಸಿಗೆಯ ಪಕ್ಕ ನಿಂತು ಎಲ್ಲವನ್ನೂ ಹೇಳಿದಳು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಚೇಚಿ ಮಾಸ್ಕು ಸರಿಸಿ, "ಪಾಟ್ಟಾಯಿರುನ್ನೋ?" ಎಂದರು. ಅದು ಹಾಡಾಗಿತ್ತೇ? ಆಮೇಲೆ ನಕ್ಕರು, ನಗುತ್ತ ಕೆಮ್ಮಿದರು. ತನ್ನ ಮೋಳ್ ಅಷ್ಟು ದೊಡ್ಡ ಶಬ್ದ ಮಾಡಿದಳಲ್ಲ ಎಂದು ಅವರಿಗೆ ಖುಷಿ. ನರ್ಸನ್ನು ಕರೆದು ಅದನ್ನೇ ಹೇಳಿದರು.

ಆ ನಗುವಿನಿಂದ ನಮಗೆ ಜೀವ ಬಂತು. ಧೈರ್ಯವೂ ಬಂತು. ಮುಂದಿನ ತಪ್ಪನ್ನು ನಾವು ಮಾಡಿದ್ದು ಆ ಧೈರ್ಯದಲ್ಲೇ.

ಚೇಚಿ ಮನೆಗೆ ಬಂದ ಮರುದಿನ ನಾನೂ ಇಂಪನಳೂ ಕ್ಷಮೆ ಕೇಳಲು ಹೊರಟೆವು. ನಮ್ಮ ಬಿಲ್ಡಿಂಗಿನಲ್ಲಿ ನಮ್ಮದು ಬಿಟ್ಟು ಹನ್ನೊಂದು ಮನೆ. ನನ್ನ ಕೈಯಲ್ಲಿ ಕೊಬ್ಬರಿ ಮಿಠಾಯಿ ಡಬ್ಬಿ, ಅವಳ ಕೈಯಲ್ಲಿ ಫೋನು. ಪ್ರತಿ ಮನೆಯಲ್ಲೂ ಅದೇ. ಬೆಲ್ ಮಾಡುವುದು, ಸಾರಿ ಹೇಳುವುದು, ನಡೆದದ್ದು ವಿವರಿಸುವುದು, ಆಮೇಲೆ ಫೋನಿನಲ್ಲಿ ಆ ಭಾಗ ಹಾಕಿ ತೋರಿಸುವುದು. "ದಿಸ್ ಈಸ್ ದಟ್ ಸೌಂಡ್, ಆಂಟಿ. ಜಸ್ಟ್ ಎ ಸಾಂಗ್." ಬೀದಿಯ ಅಂಗಡಿಗಳಿಗೂ ಹೋದೆವು. ಕೆಲವರು ಮೊದಲು ಸಿಟ್ಟಾದರು, ನಿಜ. ಎರಡನೇ ಮಹಡಿಯ ಪೌಲೋಸ್ ಚೇಟ್ಟನ್, ಅಂದರೆ ಪೌಲೋಸಣ್ಣ, ಬಾಗಿಲಲ್ಲೇ ನಿಲ್ಲಿಸಿ ಚೆನ್ನಾಗಿ ಬೈದರು, ಆಮೇಲೆ ಮಿಠಾಯಿ ತಿಂದು ಮತ್ತೊಮ್ಮೆ ಹಾಕು ಎಂದರು. ಅವರ ಮೊಮ್ಮಗಳು ಸೈರನ್ ಶುರುವಾದ ಕೂಡಲೇ ಕುಣಿದಳು. ನಾವೆಲ್ಲ ನಕ್ಕೆವು.

ಹೆದರಬೇಡಿ, ಹೆದರಬೇಡಿ ಎಂದು ಅವತ್ತು ಎಷ್ಟು ಸಲ ಹೇಳಿದೆನೋ.

ಮರುವಾರ ಇಬ್ಬರೂ ರೈಲು ಹತ್ತಿ ತಿರುವನಂತಪುರಕ್ಕೆ ಹೋದೆವು. ಆಲ್ಬಮ್ಮಿಗೆ ಕೊನೆಯ ಕೈ ಹಾಕುವವನು ಅಲ್ಲಿದ್ದಾನೆ. ಜೋಜಿ ಎಂದು ಹೆಸರು. ಪಟ್ಟಂ ಹತ್ತಿರ ಒಂದು ಮನೆಯ ಮಹಡಿಯ ಮೇಲೆ ಸ್ಟುಡಿಯೋ, ಕೆಳಗಿನ ಮನೆಯಲ್ಲಿ ಡ್ಯಾನ್ಸ್ ಕ್ಲಾಸು. ಕಾಯರ್ ಹಾಡಿದ ಕಾಲೇಜು ಹುಡುಗಿಯರೂ ಆ ಊರಿನವರೇ. ಸೈರನ್ ತೆಗೆಯಬೇಕು ಎಂದಳು ಇಂಪನ. ಜೋಜಿ ವಾದ ಮಾಡಲಿಲ್ಲ. ಪರದೆಯ ಮೇಲೆ ಹತ್ತಾರು ಬಣ್ಣದ ಪಟ್ಟಿಗಳಿದ್ದವು. ಕೆಂಪು ಪಟ್ಟಿಯ ಮೇಲೆ ಒಂದು ಸಲ ಒತ್ತಿದ. ಅಷ್ಟೇ. ಸೈರನ್ ಇಲ್ಲ.

ಎಷ್ಟು ಸುಲಭ ಎನ್ನಿಸಿತು ನನಗೆ.

ಹಾಡಿನ ಶುರುವಿನಲ್ಲಿ ಸೈರನ್ ಇದ್ದ ನಲವತ್ತು ಸೆಕೆಂಡು ಈಗ ಖಾಲಿಯಾಗಿತ್ತು. ಖಾಲಿ ಜಾಗದ ಕೊನೆಯಲ್ಲಿ ಏನೋ ಒಂದು ಸದ್ದು. ಇಷ್ಟು ದಿನ ಸೈರನ್ನಿನ ಅಡಿಯಲ್ಲಿ ಕೇಳಿಸದೇ ಇದ್ದದ್ದು. ಹಾಡು ಎತ್ತಿಕೊಳ್ಳುವ ಮೊದಲು ಹನ್ನೆರಡು ಹುಡುಗಿಯರು ಒಟ್ಟಿಗೆ ಉಸಿರೆಳೆದುಕೊಳ್ಳುವ ಸದ್ದು.

"ಇದನ್ನು ಸಾಮಾನ್ಯವಾಗಿ ಕತ್ತರಿಸಿ ಬಿಸಾಡ್ತೀವಿ" ಎಂದು ಜೋಜಿ ಮಲಯಾಳದಲ್ಲಿ ಹೇಳಿದ.

"ಬೇಡ, ಇರಲಿ" ಎಂದು ಇಂಪನಳೂ ಮಲಯಾಳದಲ್ಲೇ ಹೇಳಿದಳು. ಕಣ್ಣು ಒರೆಸಿಕೊಂಡಳು. ಅವಳಿಗೆ ಯಾರ ಉಸಿರು ನೆನಪಾಯಿತೆಂದು ನಾನು ಕೇಳಲಿಲ್ಲ. ಅವಳು ಉಳಿದ ಕೆಲಸಕ್ಕೆ ಅಲ್ಲೇ ನಿಂತಳು, ನಾನು ಮರುದಿನ ಕೊಚ್ಚಿಗೆ ವಾಪಸು ಬಂದೆ. ಮನಸ್ಸು ಹಗುರವಾಗಿತ್ತು. ಈ ವಾರದ ಅಂಕಣಕ್ಕೆ ಒಳ್ಳೆಯ ಮುಕ್ತಾಯ ಸಿಕ್ಕಿತು ಎಂದೂ ರೈಲಿನಲ್ಲಿ ಯೋಚಿಸಿದೆ. (ಅಂಕಣ ಬರೆಯುವವರ ಬುದ್ಧಿ.)

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಶಶಿಧರ ಡ್ಯೂಟಿಗೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದೆ.

ಸೈರನ್ ಕೂಗಿತು. ಏರಿತು, ಇಳಿಯಿತು, ಏರಿತು.

ನಾನು ಏನು ಮಾಡಿದೆ ಗೊತ್ತೇ? ಬೀನ್ಸ್ ಹೆಚ್ಚುತ್ತಲೇ ಇದ್ದೆ. ಇಂಪನ ಮತ್ತೆ ಶುರು ಮಾಡಿದಳಲ್ಲ ಎಂದುಕೊಂಡೆ. ಇಂಪನ ತಿರುವನಂತಪುರದಲ್ಲಿದ್ದಾಳೆ, ಸ್ಪೀಕರುಗಳು ಬ್ಯಾಂಡಿನವರ ಮನೆಗೆ ಹೋಗಿ ಎರಡು ವಾರವಾಯಿತು ಎಂದು ಹೊಳೆಯುವ ಹೊತ್ತಿಗೆ ಚಾಕು ಕೈಯಿಂದ ಬಿದ್ದಿತ್ತು. ಬಚ್ಚಲಿಗೆ ಓಡಿ ಟವೆಲ್ ನೆನೆಸಿದೆ. ಮೆಟ್ಟಿಲು ಇಳಿದೆ. ಮೆಟ್ಟಿಲಲ್ಲಿ ನಾನೊಬ್ಬಳೇ.

ಎರಡನೇ ಮಹಡಿಯಲ್ಲಿ ಪೌಲೋಸ್ ಚೇಟ್ಟನ್ ಮನೆಯ ಬಾಗಿಲು ತೆರೆದಿತ್ತು. ಅವರು ಪೇಪರ್ ಓದುತ್ತ ಕೂತಿದ್ದರು. ನನ್ನನ್ನು ನೋಡಿ ಹೆಬ್ಬೆರಳು ಎತ್ತಿ, "ಆಲ್ಬಮ್ ಬಂತಾ?" ಎಂದು ಮಲಯಾಳದಲ್ಲಿ ಕೇಳಿದರು. ಒಳಗೆ ಅವರ ಮೊಮ್ಮಗಳು ಕುಣಿಯುತ್ತಿದ್ದಳು. "ಇದು ಹಾಡಲ್ಲ, ನಿಜ, ನಿಜ!" ಎಂದು ಕಿರುಚಿದೆ. ಯಾವ ಭಾಷೆಯಲ್ಲಿ ಕಿರುಚಿದೆನೋ! ಕನ್ನಡದಲ್ಲೇ ಇರಬೇಕು. ಅವರು ನಗುತ್ತ ಪೇಪರ್ ಮಡಚಿದರು. ಎದ್ದು ಬರಲಿಲ್ಲ.

ಮೊದಲನೇ ಮಹಡಿಯಲ್ಲಿ ಲೀಲಾ ಚೇಚಿ ಹಿಟ್ಟು ಪ್ಯಾಕೆಟ್ಟಿಗೆ ತುಂಬುತ್ತಿದ್ದರು.

"ಚೇಚೀ, ಏಳಿ, ಬನ್ನಿ!" ಎಂದು ತೋಳು ಹಿಡಿದು ಎಳೆದೆ.

"ಪೇಡಿಕ್ಕಂಡ" ಎಂದರು. ಹೆದರಬೇಡ. "ಮೋಳುಡೆ ಪಾಟ್ಟಲ್ಲೇ?" ಮಗಳ ಹಾಡಲ್ಲವೇ? ನನ್ನ ಕೆನ್ನೆಗೆ ಹಿಟ್ಟಿನ ಕೈಯಿಂದ ತಟ್ಟಿದರು. ಇನ್ನೊಂದು ಪ್ಯಾಕೆಟ್ ಎತ್ತಿಕೊಂಡರು.

ಮೋಳ್ ಊರಲ್ಲಿಲ್ಲ ಎಂದೆ. ಯಂತ್ರದಲ್ಲಿ ಹಾಕಿಟ್ಟು ಹೋಗಿರುತ್ತಾಳೆ ಎಂದರು. ಸ್ಪೀಕರ್ ಇಲ್ಲ ಎಂದೆ. ಅದಕ್ಕೂ ನಕ್ಕರು. ಅವರನ್ನು ಎತ್ತಿಕೊಂಡು ಓಡುವ ಶಕ್ತಿ ನನಗಿಲ್ಲ. ಶಶಿಧರರಿಗೆ ಫೋನ್ ಮಾಡಿದೆ, ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅವರು ಅಲ್ಲೇ ಒಳಗಿದ್ದಾರೆ, ಸೈರನ್ ಕೂಗುತ್ತಿರುವುದು ಅವರ ತಲೆಯ ಮೇಲೆ. ಕಿಟಕಿಯಿಂದ ಬೀದಿ ನೋಡಿದೆ. ಕಿರಾಣಿ ಅಂಗಡಿಯವನು ನಮ್ಮ ಬಾಲ್ಕನಿಯ ಕಡೆಗೆ ಕತ್ತೆತ್ತಿ ನೋಡಿ, ನಕ್ಕು, ಸಕ್ಕರೆ ತೂಗತೊಡಗಿದ. ಒಬ್ಬರೂ ಓಡುತ್ತಿರಲಿಲ್ಲ. ಗಾಳಿ ಯಾವ ಕಡೆಗಿದೆ ಎಂದು ಒಬ್ಬರೂ ನೋಡುತ್ತಿರಲಿಲ್ಲ.

ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದೆ. ಒದ್ದೆ ಟವೆಲನ್ನು ಚೇಚಿಯ ಮೂಗಿಗೆ ಒತ್ತಿ ಹಿಡಿದು ನೆಲದ ಮೇಲೆ ಕೂತೆ. ಅವರು ಕೊಸರಿದರು, ನಾನು ಬಿಡಲಿಲ್ಲ. ವಾಸನೆ ಬಂತೇ? ಬಂದ ಹಾಗಾಯಿತು, ಇಲ್ಲ ಎನಿಸಿತು, ಮತ್ತೆ ಬಂದ ಹಾಗಾಯಿತು. ಹನ್ನೊಂದು ನಿಮಿಷ. ಅಷ್ಟು ಹೊತ್ತೂ ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆ.

ಆಮೇಲೆ ಒಂದೇ ಸಮನೆ ಉದ್ದನೆಯ ಸೈರನ್ ಬಂತು. ಅಪಾಯ ಮುಗಿಯಿತು ಅಂತ.

ಆಗ ಚೇಚಿ ಟವೆಲ್ ಸರಿಸಿ ನನ್ನ ಮುಖ ನೋಡಿದರು. ಇಂಪನಳ ಹಾಡಿನಲ್ಲಿ ಈ ಉದ್ದನೆಯ ಸೈರನ್ ಇಲ್ಲ. ಅವರ ಕೈಯಲ್ಲಿದ್ದ ಪ್ಯಾಕೆಟ್ ಜಾರಿ, ಹಿಟ್ಟು ನೆಲದ ಮೇಲೆಲ್ಲ ಹರಿಯಿತು.

ಶಶಿಧರ ಫೋನ್ ಮಾಡಿದರು. ಒಂದು ವಾಲ್ವ್ ಸೋರಿತ್ತಂತೆ, ಕಾಂಪೌಂಡಿನ ಒಳಗೇ ತಡೆದರಂತೆ, ಯಾರಿಗೂ ಏನೂ ಆಗಿಲ್ಲವಂತೆ. "ಬಿಲ್ಡಿಂಗಿನೋರೆಲ್ಲ ಹೊರಗ ಬಂದಿದ್ರಲ್ಲ?" ಎಂದು ಕೇಳಿದರು.

ಹಾಡಿನಿಂದ ಸೈರನ್ ತೆಗೆಯಲು ಜೋಜಿಗೆ ಒಂದೇ ಒತ್ತು ಸಾಕಾಯಿತು. ನಾವು ಮನೆ ಮನೆಗೆ ಹೋಗಿ ಸೈರನ್ನಿನೊಳಗೆ ಸೇರಿಸಿ ಬಂದ ಹಾಡನ್ನು ಈಗ ತೆಗೆಯುವವರು ಯಾರು?